ಓದುಗರು ಕೇಳಿದ್ದು: ಚರ್ಚಿನ ರಿಜಿಸ್ಟರು, ಭದ್ರಾವತಿಯ ಇದ್ದಿಲು, ತೆನೆಹಬ್ಬದ ಊಟ

ಕ್ರೈಸ್ತಧರ್ಮದ ಬಗ್ಗೆ ವಿದ್ವಾಂಸರು ನಡೆಸುವ ಅಧ್ಯಯನದಿಂದ ಇಂದಿನ ಸಮಾಜಕ್ಕೆ ಏನು ಉಪಯೋಗ ಎಂಬ ವಿಷಯ ಇಟ್ಟುಕೊಂಡು ಮಲೆನಾಡಿನ ಓದುಗರಿಂದ ಪ್ರಶ್ನೆ ಕೇಳಿದ್ದೆವು. ಬಂದವುಗಳಲ್ಲಿ ಏಳನ್ನು ಆಯ್ದಿದ್ದೇವೆ. ಧರ್ಮಗಳ ಇತಿಹಾಸ ಮತ್ತು ಸಮಾಜಶಾಸ್ತ್ರ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಇತಿಹಾಸದ ಎಂ.ಎ. ವಿದ್ಯಾರ್ಥಿನಿ. ನಮ್ಮ ತಾಲ್ಲೂಕಿನ ಕ್ರೈಸ್ತರ ಬಗ್ಗೆ ಕಿರುಪ್ರಬಂಧ ಬರೆಯಬೇಕಾಗಿದೆ. “ಮತಾಂತರ ಎಷ್ಟಾಗಿದೆ ಅನ್ನೋದು ಚರ್ಚಿನ ಪುಸ್ತಕದಲ್ಲೇ ಇರುತ್ತೆ, ಎಣಿಸಿಬಿಡು” ಎಂದು ಕೆಲವರು ಹೇಳುತ್ತಾರೆ. ಹಾಗೆ ಎಣಿಸಬಹುದೇ? ಎಲ್ಲಿಂದ ಶುರು ಮಾಡಲಿ?
(ಸಾಗರ)

ಹಾಗೆ ಎಣಿಸಿದರೆ ಸಿಗುವುದು ಜ್ಞಾನಸ್ನಾನಗಳ (ಬ್ಯಾಪ್ಟಿಸಂ, ಅಂದರೆ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ) ಲೆಕ್ಕ, ಮತಾಂತರದ ಲೆಕ್ಕವಲ್ಲ. ಎರಡನ್ನೂ ಒಂದೇ ಎಂದುಕೊಂಡು ಅಂಕಿ ಹೇಳುವವರು ಬಹಳ ಮಂದಿ. ಒಂದು ಊರಿನ ನೆಮ್ಮದಿ ಕೆಡಲು ಅಂಥ ಒಂದು ಅಂಕಿ ಸಾಕು. ಆದ್ದರಿಂದ ಈ ಕೆಲಸವನ್ನು ನೀವು ನಿಧಾನವಾಗಿ, ಸರಿಯಾಗಿ ಮಾಡಿ.

ಕಥೋಲಿಕರಲ್ಲಿ ಮಗು ಹುಟ್ಟಿದ ಕೆಲವು ವಾರಗಳೊಳಗೆ ಜ್ಞಾನಸ್ನಾನ ಕೊಡಿಸುವುದು ರೂಢಿ. ಹೀಗಾಗಿ ರಿಜಿಸ್ಟರಿನ ಹೆಚ್ಚಿನ ಸಾಲುಗಳು ಕ್ರೈಸ್ತ ತಂದೆತಾಯಿಯ ಹಸುಗೂಸುಗಳವು. ನಮೂದು ಯಾವ ಬಗೆಯದೆಂದು ತಿಳಿಯಲು ಮೂರು ಅಂಕಣ ನೋಡಬೇಕು: ಹುಟ್ಟಿದ ದಿನ, ಜ್ಞಾನಸ್ನಾನದ ದಿನ, ತಂದೆತಾಯಿಯ ಹೆಸರು. ಎರಡು ದಿನಾಂಕಗಳ ನಡುವೆ ವಾರಗಳ ಅಂತರವಿದ್ದರೆ ಅದು ಕ್ರೈಸ್ತ ಮನೆಯಲ್ಲಿ ಹುಟ್ಟಿದ ಮಗು ಎಂದು ಹೆಚ್ಚುಕಡಿಮೆ ಖಚಿತ. ವರ್ಷಗಳ ಅಂತರವಿದ್ದು ತಂದೆತಾಯಿಗೆ ಕ್ರೈಸ್ತ ಹೆಸರು ಇಲ್ಲದಿದ್ದರೆ ಅದು ವಯಸ್ಕರ ದೀಕ್ಷೆ ಇರಬಹುದು. ಆದರೂ ಒಂದು ತೊಡಕಿದೆ. ಕಥೋಲಿಕ ಬಿಷಪ್ಪರ ಮಹಾಸಭೆಯಾದ ಎರಡನೆಯ ವ್ಯಾಟಿಕನ್ ಸಮ್ಮೇಳನಕ್ಕಿಂತ (1962–65) ಮೊದಲು, ಪ್ರಾಟೆಸ್ಟಂಟ್ ಸಭೆ ಬಿಟ್ಟು ಬಂದವರಿಗೆ ‘ಹಿಂದೆ ಆಗಿಲ್ಲದಿದ್ದರೆ’ ಎಂಬ ಷರತ್ತಿನೊಂದಿಗೆ ಮತ್ತೆ ಜ್ಞಾನಸ್ನಾನ ಕೊಡುವ ಪದ್ಧತಿ ಇತ್ತು. ಅಂಥ ಸಾಲಿನ ಪಕ್ಕದಲ್ಲಿ ಲ್ಯಾಟಿನ್ನಿನಲ್ಲಿ ‘ಸಬ್ ಕಂಡಿಶಿಯೋನೆ’ ಎಂದು ಬರೆದಿರುತ್ತಾರೆ. ಅವರು ಒಂದು ಕ್ರೈಸ್ತ ಸಭೆಯಿಂದ ಇನ್ನೊಂದಕ್ಕೆ ಬಂದವರು. ಅವರನ್ನು ಬೇರೆ ಧರ್ಮದಿಂದ ಬಂದವರ ಲೆಕ್ಕಕ್ಕೆ ಸೇರಿಸಬಾರದು.

ಕೆಲಸದ ಕ್ರಮ ಹೀಗಿರಲಿ. ವಿಭಾಗದ ಮುಖ್ಯಸ್ಥರಿಂದ ಪತ್ರ ಪಡೆದು ಧರ್ಮಕೇಂದ್ರದ (ಪ್ಯಾರಿಷ್, ಅಂದರೆ ಸ್ಥಳೀಯ ಚರ್ಚು) ಫಾದರ್ ಅವರನ್ನು ಭೇಟಿ ಮಾಡಿ. ಜ್ಞಾನಸ್ನಾನ, ಮದುವೆ, ಮರಣ ಈ ಮೂರರ ರಿಜಿಸ್ಟರನ್ನು ಪ್ರತಿ ಧರ್ಮಕೇಂದ್ರವೂ ಇಟ್ಟುಕೊಳ್ಳಬೇಕು, ಹಳೆಯವನ್ನು ಜೋಪಾನ ಮಾಡಬೇಕು ಎಂಬುದು ಕಥೋಲಿಕ ಚರ್ಚಿನ ಸ್ವಂತ ಕಾನೂನಾದ 1983ರ ಕ್ಯಾನನ್ ಕಾನೂನಿನ 535ನೇ ವಿಧಿ. ಹಾಗೆಂದು ಅವು ಸಾರ್ವಜನಿಕ ದಾಖಲೆಗಳಲ್ಲ. ಅನುಮತಿಯಿಲ್ಲದೆ ಮೊಬೈಲಿನಲ್ಲಿ ಫೋಟೋ ಹೊಡೆಯಬೇಡಿ. ಬದುಕಿರುವವರ ಹೆಸರು ಪ್ರಬಂಧದಲ್ಲಿ ಬರಲೇಬಾರದು. ಐವತ್ತು ವರ್ಷದ್ದನ್ನು ಪೂರ್ತಿ ನಕಲು ಮಾಡಲು ಹೊರಟರೆ ಪರೀಕ್ಷೆ ಬಂದರೂ ಮುಗಿಯುವುದಿಲ್ಲ. ಐದು ವರ್ಷಕ್ಕೆ ಒಂದರಂತೆ ವರ್ಷಗಳನ್ನು ಆಯ್ದು, ಆಯ್ದ ವರ್ಷದ ಒಂದು ಸಾಲನ್ನೂ ಬಿಡದೆ ಬರೆದುಕೊಳ್ಳಿ. ಹೆಸರುಗಳಿಗೆ ಎರಡು ಅಂಕಣ ಬೇಕು: ಪುಸ್ತಕದಲ್ಲಿ ಇದ್ದಂತೆ ಒಂದು, ನೀವು ಸರಿಪಡಿಸಿದ್ದು ಇನ್ನೊಂದು. ಒಂದೇ ಊರನ್ನು ಒಬ್ಬ ಗುರು ಲ್ಯಾಟಿನ್ ಕಾಗುಣಿತದಲ್ಲಿ, ಮುಂದಿನವರು ಕೊಂಕಣಿ ಉಚ್ಚಾರದಲ್ಲಿ ಬರೆದಿರುತ್ತಾರೆ. ಮೊದಲ ದಿನವೇ ತಿದ್ದಿಬಿಟ್ಟರೆ, ತಿದ್ದಿದ್ದು ತಪ್ಪೆಂದು ಆಮೇಲೆ ತಿಳಿದಾಗ ಹಿಂದಕ್ಕೆ ಹೋಗಲು ದಾರಿ ಇರುವುದಿಲ್ಲ.

ಅಂಚಿನ ಟಿಪ್ಪಣಿಗಳನ್ನು ಬಿಡಬೇಡಿ. ಮಲೆನಾಡಿನ ಮಟ್ಟಿಗೆ ಅಸಲು ಸಂಪತ್ತು ಇರುವುದು ಅಲ್ಲೇ. 1908ರಿಂದೀಚೆಗೆ, ಒಬ್ಬರ ಮದುವೆ ಎಲ್ಲೇ ನಡೆದರೂ ಆ ವಿವರವನ್ನು ಅವರ ಜ್ಞಾನಸ್ನಾನದ ನಮೂದಿನ ಪಕ್ಕದಲ್ಲಿ ಬರೆಯಬೇಕೆಂಬ ನಿಯಮವಿದೆ. ಕರಾವಳಿಯಿಂದ ಘಟ್ಟ ಹತ್ತಿದ ಮನೆತನ ಯಾವುದು, ಯಾವ ತೋಟದ ಕೂಲಿಯ ಮಗಳು ಯಾವ ಊರಿಗೆ ಮದುವೆಯಾಗಿ ಹೋದಳು, ಇವೆಲ್ಲ ಆ ಸಣ್ಣ ಅಕ್ಷರಗಳಲ್ಲಿ ಸಿಗುತ್ತವೆ. ಕಾಫಿ ಮತ್ತು ಅಡಿಕೆಯ ಕೆಲಸಗಾರರ ಓಡಾಟದ ಬಗ್ಗೆ ಇಷ್ಟು ವಿವರವಾದ ದಾಖಲೆ ಸುಲಭಕ್ಕೆ ಸಿಗುವಂಥದ್ದಲ್ಲ. ಒಟ್ಟು ಲೆಕ್ಕ ಹಾಕುವಾಗ ಇದೇ ಓಡಾಟ ತಪ್ಪು ದಾರಿಗೂ ಎಳೆಯುತ್ತದೆ: ಹಂಗಾಮಿಗೆ ಬಂದವರು ಮಗುವಿಗೆ ಇಲ್ಲಿ ಜ್ಞಾನಸ್ನಾನ ಕೊಡಿಸಿ ಊರಿಗೆ ಮರಳಿರುತ್ತಾರೆ, ಪುಸ್ತಕದಲ್ಲಿ ಮಾತ್ರ ನಿಮ್ಮ ತಾಲ್ಲೂಕಿನವರಾಗಿ ಉಳಿದಿರುತ್ತಾರೆ.

ಶಿವಮೊಗ್ಗ ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಧರ್ಮಕೇಂದ್ರಗಳ ಪ್ರದೇಶ) ರೂಪುಗೊಂಡದ್ದು 1988ರಲ್ಲಿ, ಚಿಕ್ಕಮಗಳೂರಿನದು 1963ರಲ್ಲಿ. ರಿಜಿಸ್ಟರು ಸಾಮಾನ್ಯವಾಗಿ ಆಯಾ ಧರ್ಮಕೇಂದ್ರದಲ್ಲೇ ಇರುತ್ತದೆ. ಅದಕ್ಕೂ ಹಳೆಯ ಪತ್ರವ್ಯವಹಾರವನ್ನು ಆಗಿನ ಧರ್ಮಕ್ಷೇತ್ರಗಳ ಕಚೇರಿಗಳಲ್ಲಿ ಹುಡುಕಬೇಕು. ಕೊನೆಗೆ ನಿಮ್ಮ ಅಂಕಿಗಳನ್ನು ಜನಗಣತಿಯ ಪಕ್ಕ ಇಟ್ಟು ನೋಡಿ. ದೇಶದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು 1951ರಲ್ಲಿ ಶೇ. 2.3, 1971ರಲ್ಲಿ ಶೇ. 2.6, 2011ರಲ್ಲಿ ಮತ್ತೆ ಶೇ. 2.3. ಕರ್ನಾಟಕದಲ್ಲಿ 2011ರಂತೆ ಶೇ. 1.87.

ಪ್ರಶ್ನೆ: ಏಸು ಹಿಮಾಲಯಕ್ಕೆ ಬಂದು ಬೌದ್ಧರಲ್ಲಿ ಕಲಿತ, ಕಾಶ್ಮೀರದಲ್ಲೇ ಸತ್ತ ಎಂಬ ವಾಟ್ಸ್ಆ್ಯಪ್ ಸಂದೇಶ ನಮ್ಮ ಸಹಕಾರ ಸಂಘದ ಗುಂಪಿನಲ್ಲಿ ಬಂತು. ಅದಕ್ಕೆ ಇನ್ನೊಬ್ಬರು “ಏಸು ಎಂಬವನೇ ಇರಲಿಲ್ಲ” ಎಂದು ಹಾಕಿದರು. ಯಾವುದು ನಿಜ?
(ಕೊಪ್ಪ)

ಎರಡೂ ಅಲ್ಲ. ಮೊದಲನೆಯದರಲ್ಲಿ ಎರಡು ಬೇರೆ ಬೇರೆ ಕಥೆಗಳು ಬೆರೆತಿವೆ. ಹಿಮಾಲಯದಲ್ಲಿ ಕಲಿತ ಕಥೆ 1894ರಲ್ಲಿ ಹುಟ್ಟಿತು. ನಿಕೊಲಾಯ್ ನೊಟೊವಿಚ್ ಎಂಬ ರಷ್ಯನ್ ಲೇಖಕ, ಲಡಾಖಿನ ಹೆಮಿಸ್ ಮಠದಲ್ಲಿ ಅಂಥ ಹಸ್ತಪ್ರತಿಯನ್ನು ಓದಿಸಿ ಕೇಳಿದೆ ಎಂದು ಫ್ರೆಂಚಿನಲ್ಲಿ ಪುಸ್ತಕ ಬರೆದ. ಅದೇ ವರ್ಷ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಅದನ್ನು ಪ್ರಶ್ನಿಸಿದರು. ಮರುವರ್ಷ ಆಗ್ರಾ ಕಾಲೇಜೊಂದರ ಪ್ರಾಧ್ಯಾಪಕ ಆರ್ಚಿಬಾಲ್ಡ್ ಡಗ್ಲಸ್ ಹೆಮಿಸ್‌ಗೇ ಹೋಗಿ ಮಠದ ಮುಖ್ಯಸ್ಥರನ್ನು ಕೇಳಿದರು. ಅಂಥ ಹಸ್ತಪ್ರತಿಯೇ ಇಲ್ಲ ಎಂಬ ಉತ್ತರ ಬಂತು. ಕಾಶ್ಮೀರದಲ್ಲಿ ಸತ್ತ ಎನ್ನುವವರು ಏಸುವಿನದೆಂದು ತೋರಿಸುವ ಶ್ರೀನಗರದ ರೋಜಾಬಲ್ ಸಮಾಧಿಯದು ಬೇರೆ ಕಥೆ. ಅಹ್ಮದಿಯಾ ಪಂಥದ ಸ್ಥಾಪಕ ಮಿರ್ಜಾ ಗುಲಾಂ ಅಹ್ಮದ್ 1899ರಲ್ಲಿ ಬರೆದ ಉರ್ದು ಗ್ರಂಥದಿಂದ ಅದು ಹರಡಿತು.

ಇನ್ನು, ಏಸು ಇರಲೇ ಇಲ್ಲ ಎಂಬ ವಾದ. ಬೈಬಲ್ಲಿನಲ್ಲಿರುವ, ಆದಿ ಕ್ರೈಸ್ತ ಪ್ರಚಾರಕ ಪೌಲನ ಹೆಸರಿನ ಪತ್ರಗಳಲ್ಲಿ ಏಳು ಅವನವೇ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಅವು ಕ್ರಿ.ಶ. 50ರ ದಶಕದ ಸುಮಾರಿನವು. ಏಸುವಿನ ಸಹೋದರ ಯಾಕೋಬನನ್ನು ಕಂಡು ಬಂದೆ ಎಂದು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ಹೇಳುತ್ತಾನೆ. ಮಾರ್ಕನ ಸುವಾರ್ತೆ ಕ್ರಿ.ಶ. 70ರ ಆಸುಪಾಸಿನದು. ಕ್ರೈಸ್ತರಲ್ಲದವರಲ್ಲಿ ಯೆಹೂದಿ ಇತಿಹಾಸಕಾರ ಜೋಸೆಫಸ್ ಸುಮಾರು 93ರಲ್ಲಿ, ರೋಮಿನ ಟ್ಯಾಸಿಟಸ್ ಸುಮಾರು 116ರಲ್ಲಿ ಉಲ್ಲೇಖಿಸಿದ್ದಾರೆ. ರೋಮನ್ ಅಧಿಕಾರಿ ಪೊಂತಿಯ ಪಿಲಾತನ ಕಾಲದಲ್ಲಿ ಮರಣದಂಡನೆ ಆಯಿತು ಎಂಬುದು ಟ್ಯಾಸಿಟಸನ ಮಾತು, ಅದೂ ಕ್ರೈಸ್ತರನ್ನು ಹಳಿಯುತ್ತಲೇ ಹೇಳಿದ್ದು. ಜೋಸೆಫಸನ ಒಂದು ಭಾಗವನ್ನು ನಂತರದ ಕ್ರೈಸ್ತ ಲಿಪಿಕಾರರು ತಮ್ಮ ಭಕ್ತಿಗೆ ತಕ್ಕಂತೆ ಹಿಗ್ಗಿಸಿದ್ದಾರೆ, ಅದನ್ನು ಬಯಲಿಗೆಳೆದವರಲ್ಲಿ ಕ್ರೈಸ್ತ ವಿದ್ವಾಂಸರೂ ಇದ್ದರು. ನಮ್ಮವರು ಬರೆದದ್ದು ಎಂದು ಮುಚ್ಚಿಡದೆ ಪರೀಕ್ಷೆಗೆ ಒಡ್ಡುವ ಈ ಶಿಸ್ತು ಯಾವ ಧರ್ಮದ ಗ್ರಂಥ ಓದುವವರಿಗೂ ಬೇಕು. ಸತ್ತವನು ಎದ್ದುಬಂದನೇ ಎಂಬುದು ವಿಶ್ವಾಸದ ಪ್ರಶ್ನೆ. ಅದನ್ನು ಶಿಲುಬೆಗೇರಿಸಿದ ಘಟನೆಯಂತೆ ಹಸ್ತಪ್ರತಿ ತೂಗಿ ತೀರ್ಮಾನಿಸಲು ಆಗುವುದಿಲ್ಲ.

ಮುಂದಿನ ಸಲ ಗುಂಪಿನಲ್ಲಿ ಇಂಥದ್ದು ಬಂದರೆ ಇಷ್ಟು ಕೇಳಿ: ಮೂಲ ಹಸ್ತಪ್ರತಿ ಈಗ ಎಲ್ಲಿದೆ, ಯಾವ ಶತಮಾನದ್ದು, ಬರೆದವರ ಹೊರತು ಬೇರೆ ಯಾರು ಅದನ್ನು ಕಂಡಿದ್ದಾರೆ.

ಪ್ರಶ್ನೆ: “ಭೂಮಿಯನ್ನು ವಶಮಾಡಿಕೊಳ್ಳಿರಿ” ಎಂದು ಬೈಬಲ್ ಹೇಳಿದ್ದರಿಂದಲೇ ಪಶ್ಚಿಮದವರು ಕಾಡು ನಾಶ ಮಾಡಿದರು, ನಮ್ಮ ಪಶ್ಚಿಮಘಟ್ಟಕ್ಕೂ ಅದೇ ಬುದ್ಧಿ ಬಂತು ಎಂದು ಪರಿಸರದ ಸಭೆಯಲ್ಲಿ ಒಬ್ಬರು ಹೇಳಿದರು. ಇದರಲ್ಲಿ ಹುರುಳಿದೆಯೇ?
(ತೀರ್ಥಹಳ್ಳಿ, ಅಡಿಕೆ ಬೆಳೆಗಾರರು)

ಆ ವಾದದ ಬೇರು ಅಮೆರಿಕದ ಮಧ್ಯಯುಗದ ಇತಿಹಾಸಕಾರ ಲಿನ್ ವೈಟ್. 1967ರ ಮಾರ್ಚಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅವರ ಲೇಖನ, ನಿಸರ್ಗ ಇರುವುದೇ ಮನುಷ್ಯನ ಉಪಯೋಗಕ್ಕೆ ಎಂಬ ಧೋರಣೆಯನ್ನು ಪಶ್ಚಿಮದ ಕ್ರೈಸ್ತಧರ್ಮ ಬಲಪಡಿಸಿತು ಎಂದಿತು. ಅದೇ ಲೇಖನದ ಕೊನೆಯಲ್ಲಿ, ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರವಾದಿಗಳ ಪಾಲಕ ಸಂತ ಎಂದು ಪರಿಗಣಿಸಬೇಕು ಎಂಬ ಸಲಹೆಯೂ ಇತ್ತು. ಸಭೆಗಳಲ್ಲಿ ಮೊದಲರ್ಧ ಮಾತ್ರ ಕೇಳಿಬರುತ್ತದೆ. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಫ್ರಾನ್ಸಿಸರನ್ನು ಹಾಗೆಯೇ ಘೋಷಿಸಿದರು.

ಪಠ್ಯದ ಮಟ್ಟಿಗೆ: ನಿಮ್ಮ ಭಾಷಣಕಾರರು ಹೇಳಿದ್ದು ಆದಿಕಾಂಡ 1:28. ಅಲ್ಲಿಂದ ಒಂದು ಪುಟ ತಿರುಗಿಸಿದರೆ 2:15ರಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ವ್ಯವಸಾಯ ಮಾಡಿ ಕಾಯುವುದಕ್ಕೆ ಎಂದಿದೆ. ಇವು ಬೇರೆ ಬೇರೆ ಕಾಲದ ಎರಡು ಸೃಷ್ಟಿಕಥೆಗಳೆಂದು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಒಂದನ್ನೇ ಹಿಡಿದು ಒಟ್ಟು ಬೈಬಲ್ಲಿನ ಮಾತೆಂದರೆ ಓದು ಅರ್ಧಕ್ಕೆ ನಿಂತಿದೆ ಎಂದೇ ಅರ್ಥ.

ಇನ್ನು ನಮ್ಮ ಕಾಡು. ಇಲ್ಲಿ ಲಿನ್ ವೈಟ್ ವಾದ ಕೈಕೊಡುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮೈಸೂರು ಸಂಸ್ಥಾನದ ಯೋಜನೆ, ವಿಶ್ವೇಶ್ವರಯ್ಯನವರ ಕನಸು. 1923ರಲ್ಲಿ ಅಲ್ಲಿ ಉತ್ಪಾದನೆ ಆರಂಭವಾದಾಗ ಕುಲುಮೆಗೆ ಹಾಕಿದ್ದು ಕಲ್ಲಿದ್ದಲಲ್ಲ, ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಶರಾವತಿ ಕಣಿವೆಯ ಕಾಡನ್ನೂ ಊರುಗಳನ್ನೂ ಮುಳುಗಿಸಿತು. ಈ ತೀರ್ಮಾನಗಳನ್ನು ಕೈಗೊಂಡವರು ಆದಿಕಾಂಡವನ್ನು ಆಧಾರವಾಗಿ ಹಿಡಿದವರಲ್ಲ. ಕಂದಾಯ, ಕಬ್ಬಿಣ, ವಿದ್ಯುತ್ತು, ಉದ್ಯೋಗ ಇವು ಅವರ ಕಾರಣಗಳು. ಹಾಗೆಂದು ಗ್ರಂಥಗಳಿಗೆ ಹೊಣೆಯೇ ಇಲ್ಲ ಎಂದಲ್ಲ. ಆಗಲೇ ಮಾಡಹೊರಟ ಕೆಲಸಕ್ಕೆ ಗ್ರಂಥ ಸಮರ್ಥನೆ ಒದಗಿಸಬಲ್ಲದು, ತಡೆಯನ್ನೂ ಒಡ್ಡಬಲ್ಲದು. ಒಂದು ನಿರ್ದಿಷ್ಟ ಕಾಡು ಏಕೆ ಹೋಯಿತು ಎಂದು ತಿಳಿಯಬೇಕಾದರೆ ಗ್ರಂಥದ ಜೊತೆ ಸರ್ಕಾರಿ ಕಡತವನ್ನೂ ಬಿಚ್ಚಬೇಕು.

ತಡೆ ಒಡ್ಡುವ ಓದಿಗೆ ಈ ಕಾಲದ ದೊಡ್ಡ ಉದಾಹರಣೆ ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರ (ಪೋಪ್ ಎಲ್ಲರನ್ನೂ ಉದ್ದೇಶಿಸಿ ಬರೆಯುವ ಬೋಧನಾ ಪತ್ರ). ಆರು ಅಧ್ಯಾಯ, 246 ಪರಿಚ್ಛೇದ. ನಿಮ್ಮ ಪರಿಸರ ಗುಂಪಿನವರು ಪೂರ್ತಿ ಓದಲು ಆಗದಿದ್ದರೆ ನಾಲ್ಕು ಪರಿಚ್ಛೇದ ಓದಿ ಚರ್ಚಿಸಿ. 66 ಮತ್ತು 67ರಲ್ಲಿ ಆದಿಕಾಂಡದ ತಪ್ಪು ಓದಿನ ಬಗ್ಗೆ ನೇರ ಉತ್ತರವಿದೆ. ದೊಡ್ಡ ಯೋಜನೆಗಳು ಬರುವಾಗ ಆ ನೆಲದ ಮೂಲನಿವಾಸಿಗಳೇ ಮಾತುಕತೆಯಲ್ಲಿ ಮುಖ್ಯರಾಗಬೇಕು ಎನ್ನುತ್ತದೆ 146. ಪರಿಸರ ಪರಿಣಾಮದ ಅಂದಾಜು ಯೋಜನೆ ಸಿದ್ಧವಾದ ಮೇಲೆ ಬರಬಾರದು, ಮೊದಲಿನಿಂದಲೇ ಇರಬೇಕು ಎನ್ನುತ್ತದೆ 183. ಶರಾವತಿ ಕಣಿವೆಯ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ) ಯೋಜನೆಯ ಚರ್ಚೆಯನ್ನು ಪಕ್ಕದಲ್ಲಿಟ್ಟುಕೊಂಡು ಆ ಎರಡು ಪರಿಚ್ಛೇದಗಳನ್ನು ಓದಿ. ಯೋಜನೆ ಬೇಕು ಎನ್ನುವವರನ್ನೂ ಕರೆದು ಕೂರಿಸಿ, ಇಲ್ಲದಿದ್ದರೆ ಒಪ್ಪಿದವರೇ ಒಪ್ಪಿಕೊಂಡು ಎದ್ದುಹೋಗುತ್ತೀರಿ.

ಪ್ರಶ್ನೆ: ನಮ್ಮ ಪಕ್ಕದ ಮನೆಯ ಕೊಂಕಣಿ ಕ್ರೈಸ್ತರು ಸೆಪ್ಟೆಂಬರಿನಲ್ಲಿ ತೆನೆಹಬ್ಬ ಮಾಡಿ ನಮಗೂ ಪಾಯಸ ಕೊಡುತ್ತಾರೆ. ಅದು ನಮ್ಮ ಹೊಸ್ತಿನ ಹಬ್ಬದ ನಕಲೇ?
(ಹೊಸನಗರ)

ನಕಲು ಎಂದರೆ ವಿಷಯ ತೀರಾ ಕಿರಿದಾಗುತ್ತದೆ. ಸೆಪ್ಟೆಂಬರ್ 8 ಕಥೋಲಿಕರಿಗೆ ಎಲ್ಲೆಡೆಯೂ ಮರಿಯಮ್ಮನವರ ಜನ್ಮದಿನದ ಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನದ ಪ್ರಾರ್ಥನೆ, ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಅರ್ಪಿಸುವುದು, ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ, ಮನೆಯಲ್ಲಿ ಹೊಸ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಸೇವಿಸುವುದು, ಆಮೇಲೆ ಸಸ್ಯಾಹಾರದ ಊಟ. ಇಷ್ಟೂ ಸೇರಿ ಒಂದಾಗಿರುವುದು ಭತ್ತ ಬೆಳೆಯುವ ಈ ನೆಲದಲ್ಲಿ. ಮಳೆಗಾಲ ಕಳೆಯುವ ಹೊತ್ತಿಗೆ ಮೊದಲ ತೆನೆಯನ್ನು ದೇವರಿಗೆ ಕೊಟ್ಟು ಉಣ್ಣುವುದು ಬೇಸಾಯಗಾರರ ಸಂಸ್ಕಾರ. ಅದು ಎರಡೂ ಮನೆಗಳದ್ದು.

ಇದು ತಡೆಯಿಲ್ಲದೆ ಹರಿದುಬಂದ ರೂಢಿಯೂ ಅಲ್ಲ. ಹೊಸ ಕ್ರೈಸ್ತರು ಹಿಂದೂ ಪದ್ಧತಿಗಳನ್ನು ಹೋಲುವ ಆಚರಣೆ ಮಾಡಬಾರದೆಂದು ಗೋವೆಯಲ್ಲಿದ್ದ ಚರ್ಚಿನ ವಿಚಾರಣಾ ನ್ಯಾಯಾಲಯ, ಅಂದರೆ ಇನ್‌ಕ್ವಿಸಿಶನ್ 1736ರಲ್ಲಿ ಉದ್ದನೆಯ ಆಜ್ಞೆಯನ್ನೇ ಹೊರಡಿಸಿತ್ತು. ಮದುವೆಯ ಸಂಪ್ರದಾಯ, ಉಡುಗೆ, ಅಡುಗೆ ಯಾವುದನ್ನೂ ಅದು ಬಿಟ್ಟಿರಲಿಲ್ಲ. ಎರಡನೆಯ ವ್ಯಾಟಿಕನ್ ಸಮ್ಮೇಳನ ಬಂದ ಮೇಲೆ ಚರ್ಚೇ ಸ್ಥಳೀಯ ಸಂಸ್ಕೃತಿಯನ್ನು ಆರಾಧನೆಯೊಳಕ್ಕೆ ಕರೆಯಿತು. ಒಂದು ಕಾಲದಲ್ಲಿ ಅಪರಾಧವಾದದ್ದು ಇನ್ನೊಂದು ಕಾಲದಲ್ಲಿ ಪೂಜೆಯ ಭಾಗವಾಗುತ್ತದೆ. ಧರ್ಮ ಎಂದರೆ ಬದಲಾಗದ ವಸ್ತು ಎಂದು ನಂಬುವವರು ಇದನ್ನು ಗಮನಿಸಬೇಕು.

ಅಮೆರಿಕದ ಪಿಯೂ ಸಂಶೋಧನಾ ಕೇಂದ್ರ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಭಾರತದ ಕ್ರೈಸ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕರ್ಮದಲ್ಲಿ ನಂಬಿಕೆ ಇದೆ ಎಂದರು. ಆದರೆ ಆ ಅಂಕಿ ಬಳಸುವಾಗ ಎಚ್ಚರ ಬೇಕು: ಮಾತನಾಡಿಸಿದ 29,999 ಜನರಲ್ಲಿ ಕ್ರೈಸ್ತರು 1,011, ಅದೂ ಇಡೀ ದೇಶದವರು. ಮಲೆನಾಡಿನ ಕ್ರೈಸ್ತರ ಬಗ್ಗೆ ಅದರಿಂದ ಏನನ್ನೂ ಹೇಳಲು ಬರುವುದಿಲ್ಲ. ಅದಕ್ಕೆ ನಿಮ್ಮ ಪಕ್ಕದ ಮನೆಯ ಅಜ್ಜಿಯನ್ನೇ ಕೇಳಬೇಕು. ಬರೆದಿಡುವುದಾದರೆ, ಏನು ಮಾಡುತ್ತಾರೆ ಎಂಬುದನ್ನೂ ಏಕೆ ಮಾಡುತ್ತೇವೆ ಎಂದು ಅವರು ಹೇಳುವುದನ್ನೂ ಬೇರೆ ಬೇರೆ ಬರೆಯಿರಿ. ಎರಡೂ ಬೆರೆತರೆ ನಿಮ್ಮ ಊಹೆಯೇ ಅವರ ನಂಬಿಕೆಯಾಗಿ ಕಾಗದಕ್ಕೆ ಇಳಿಯುತ್ತದೆ.

ಪ್ರಶ್ನೆ: ಜಾತಿ ಬಿಟ್ಟು ಬಂದವರ ಧರ್ಮದಲ್ಲೂ ಜಾತಿ ಏಕಿದೆ? ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಮೀಸಲಾತಿ ಇದೆಯೇ?
(ಭದ್ರಾವತಿ)

ಎರಡನೆಯದಕ್ಕೆ ಮೊದಲು. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಪ್ಯಾರಾ ಆ ಪಟ್ಟಿಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ಧರ್ಮದ ಈ ಷರತ್ತು ತೆಗೆಯಬೇಕೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಶಿಫಾರಸು ಮಾಡಿತು. 2022ರಲ್ಲಿ ಕೇಂದ್ರ ಸರ್ಕಾರ ಇದೇ ವಿಷಯಕ್ಕೆ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿ, ಇತರ ಕ್ರೈಸ್ತರು 3ಬಿಯಲ್ಲಿ ಬರುತ್ತಾರೆ. ಪರಿಶಿಷ್ಟ ಪಂಗಡಕ್ಕೆ ಇಂಥ ಧರ್ಮದ ಷರತ್ತು ಇಲ್ಲ.

ಜಾತಿ ಏಕೆ ಉಳಿಯಿತು ಎಂಬುದಕ್ಕೆ ಉತ್ತರ ನಂಬಿಕೆಗಿಂತ ಹೆಚ್ಚಾಗಿ ಮದುವೆ ಮತ್ತು ಜಮೀನಿನಲ್ಲಿದೆ. ದೀಕ್ಷೆ ಪಡೆದ ಮರುದಿನವೂ ಕೂಲಿಗೆ ಹೋಗುವುದು ಅದೇ ಒಡೆಯನ ಗದ್ದೆಗೆ, ಹೆಣ್ಣು ಕೊಟ್ಟು ತರುವುದು ಅದೇ ಬಂಧುಗಳಲ್ಲಿ. ಈ ನೋವನ್ನು ದೇವಶಾಸ್ತ್ರದ ಕೇಂದ್ರಕ್ಕೆ ತಂದವರು ಅರವಿಂದ ಪಿ. ನಿರ್ಮಲ್. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಅವರು ಮಾಡಿದ ಭಾಷಣವನ್ನು ದಲಿತ ದೇವಶಾಸ್ತ್ರದ ಆರಂಭ ಎಂದು ಗುರುತಿಸುತ್ತಾರೆ. ಭಾರತದ ಕ್ರೈಸ್ತ ಚಿಂತನೆ ಅಲ್ಲಿಯವರೆಗೆ ಬಹುಪಾಲು ವೇದಾಂತದ ಜೊತೆಗಿನ ಸಂವಾದವಾಗಿತ್ತು, ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತ ಹೆಚ್ಚಿನವರ ಬದುಕು ಅದರೊಳಗೆ ಬಂದೇ ಇರಲಿಲ್ಲ ಎಂಬುದು ಅವರ ಆಕ್ಷೇಪ. ಹೊರಗಿನವರು ಚರ್ಚನ್ನು ಟೀಕಿಸುವುದು ಸುಲಭ. ಒಳಗಿನವರೇ ಇಷ್ಟು ನೇರವಾಗಿ ಮಾತಾಡಿದ್ದರಿಂದ ಆ ಮಾತಿಗೆ ತೂಕ ಬಂತು.

ಇದನ್ನು ಅಧ್ಯಯನ ಮಾಡುವವರು “ನಿಮ್ಮಲ್ಲಿ ಜಾತಿ ಇದೆಯೇ” ಎಂದು ಕೇಳಿ ಬರಬಾರದು. ಎಲ್ಲರೂ ಇಲ್ಲ ಎನ್ನುತ್ತಾರೆ. ಮದುವೆ ರಿಜಿಸ್ಟರಿನಲ್ಲಿ ಗಂಡು ಹೆಣ್ಣಿನ ಊರು ಮನೆತನಗಳನ್ನು ಜೋಡಿಸಿ ನೋಡಿ, ಸ್ಮಶಾನದ ಸಾಲುಗಳನ್ನು ನೋಡಿ, ಸಮಿತಿಗಳಲ್ಲಿ ಯಾವ ಮನೆತನದವರು ಎಷ್ಟು ವರ್ಷ ಇದ್ದಾರೆ ಎಂದು ನೋಡಿ.

ಪ್ರಶ್ನೆ: ಕಿಟೆಲ್ ನಿಘಂಟು ಮಾಡಿದ್ದು ಮತಪ್ರಚಾರಕ್ಕೆ ಎಂದು ನನ್ನ ವಿದ್ಯಾರ್ಥಿ ವಾದಿಸುತ್ತಾನೆ. ಏನು ಹೇಳಲಿ?
(ಶಿವಮೊಗ್ಗ, ಪ್ರೌಢಶಾಲೆಯ ಕನ್ನಡ ಶಿಕ್ಷಕಿ)

ಅವನ ಮಾತು ಅರ್ಧ ಸರಿ, ಅದನ್ನು ಒಪ್ಪಿಕೊಂಡೇ ಮುಂದುವರಿಯಿರಿ. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಂದದ್ದು ಬಾಸೆಲ್ ಮಿಷನ್ನಿನ ಪ್ರಚಾರಕರಾಗಿ. ಮಿಷನ್ನಿಗೆ ಭಾಷೆ ಬೇಕಾದದ್ದು ಬೋಧನೆಗೆ. ಆದರೆ ಆ ಉದ್ದೇಶಕ್ಕೆ 70,000 ಪದಗಳು ಬೇಕಿರಲಿಲ್ಲ. 1872ರಲ್ಲಿ ಜೈನ ವೈಯಾಕರಣ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಬೇಕಾಗಿರಲಿಲ್ಲ. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರಿಗಿಂತ ಮೊದಲೇ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದ್ದರು. ಯಾವ ಉದ್ದೇಶಕ್ಕೆ ಶುರುವಾಯಿತು ಎಂಬುದೂ ಕೊನೆಗೆ ಏನಾಗಿ ನಿಂತಿತು ಎಂಬುದೂ ಎರಡು ಪ್ರಶ್ನೆಗಳು, ಎರಡಕ್ಕೂ ಬೇರೆ ಬೇರೆ ಪುರಾವೆ ಬೇಕು.

ತರಗತಿಗೆ ಒಂದು ಕೆಲಸ ಕೊಡಿ. 1894ರ ನಿಘಂಟಿನ ಯಾವುದಾದರೂ ಒಂದು ಪುಟ ತೆಗೆದು, ಪ್ರತಿ ಪದಕ್ಕೆ ಆಧಾರವಾಗಿ ಕೊಟ್ಟ ಗ್ರಂಥಗಳ ಹೆಸರುಗಳನ್ನು ಮಕ್ಕಳು ಪಟ್ಟಿ ಮಾಡಲಿ. ಎಷ್ಟು ಜೈನ, ಎಷ್ಟು ವೀರಶೈವ, ಎಷ್ಟು ವೈಷ್ಣವ, ಎಷ್ಟು ಆಡುಮಾತು ಎಂದು ಅವರೇ ಎಣಿಸಲಿ. ವಾದ ಪುಟದ ಮೇಲೆ ನಡೆಯುತ್ತದೆ.

ಪ್ರಶ್ನೆ: ಕ್ರೈಸ್ತನಲ್ಲದವನು ಇದನ್ನೆಲ್ಲ ಕ್ರಮವಾಗಿ ಓದಲು ಎಲ್ಲಿ ಹೋಗಬೇಕು?
(ಶಿಕಾರಿಪುರ)

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನಕ್ಕೆ ಪ್ರತ್ಯೇಕ ವಿಭಾಗವಿದೆ. ಜಾತ್ಯತೀತ ವಿಶ್ವವಿದ್ಯಾಲಯದ ಚೌಕಟ್ಟಿನಲ್ಲಿ ಓದಬೇಕೆನ್ನುವವರಿಗೆ ಅದು ಒಳ್ಳೆಯ ದಾರಿ. 1910ರಲ್ಲಿ ಆರಂಭವಾದ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು ಮುಖ್ಯವಾಗಿ ಚರ್ಚುಗಳ ಸೇವೆಗೆ ಹೋಗುವವರಿಗೆ ಇರುವುದು, ಅದರ ಗ್ರಂಥಾಲಯ ಮತ್ತು ದಾಖಲೆ ಸಂಗ್ರಹ ಮಾತ್ರ ಸಂಶೋಧಕರಿಗೂ ಬೇಕಾದದ್ದು. ಬಾಸೆಲ್ ಮಿಷನ್ನಿನ ಕಾಗದಪತ್ರಗಳಿಗೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿಗೆ ಹೋಗಿ. ಹೋಗುವ ಮುಂಚೆ ಪತ್ರ ಬರೆದು ಸಮಯ ಗೊತ್ತುಮಾಡಿಕೊಳ್ಳಿ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿರುವ ಮೂಲ ಸಂಗ್ರಹದ ಹಳೆಯ ಫೋಟೋಗಳು ಅಂತರ್ಜಾಲದಲ್ಲೇ ನೋಡಲು ಸಿಗುತ್ತವೆ. ಪತ್ರಗಳು ಮಾತ್ರ ಹಳೆಯ ಜರ್ಮನ್ ಕೈಬರಹದಲ್ಲಿವೆ. ಇಂದಿನ ಜರ್ಮನ್ ಕಲಿತವರಿಗೂ ಅದನ್ನು ಓದಲು ಬೇರೆ ಅಭ್ಯಾಸ ಬೇಕು, ಆದ್ದರಿಂದ ವಿಷಯ ಆರಿಸುವ ಮೊದಲೇ ಅದಕ್ಕೆ ಆರು ತಿಂಗಳಾದರೂ ಎತ್ತಿಡಿ.